ವರದಾನ ಯಾರದ್ದು? ಬಸವಕಲ್ಯಾಣ, ಹುಮನಾಬಾದ್ ಸೀಮೆಯಿಂದ ಕೆಲವು ವಿಚಾರ



ಕರಾವಳಿಯ ನಮ್ಮ ಧರ್ಮಕೇಂದ್ರಗಳಲ್ಲಿ ‘ವರದಾನ’ ಎಂಬ ಮಾತು ಮುಖ್ಯವಾಗಿ ಎರಡು ಸಂದರ್ಭಗಳಲ್ಲಿ ಕೇಳಿಬರುತ್ತದೆ. ದೃಢೀಕರಣ ಸಂಸ್ಕಾರಕ್ಕೆ ಮಕ್ಕಳನ್ನು ಸಿದ್ಧಪಡಿಸುವಾಗ ಪವಿತ್ರಾತ್ಮರ ಏಳು ವರದಾನಗಳನ್ನು ಬಾಯಿಪಾಠ ಮಾಡಿಸುತ್ತೇವೆ. ಆಮೇಲೆ ಧ್ಯಾನಕೂಟಗಳಲ್ಲಿ ರೋಗ ಗುಣಪಡಿಸುವ ವರ, ಭಾಷಾವರ ಎಂದು ಕೇಳುತ್ತೇವೆ. ಇವೆರಡರ ನಡುವೆ ಇರುವ ದೊಡ್ಡ ಬಯಲಿನಲ್ಲಿ, ಎಂದರೆ ವಾರವಿಡೀ ಹೊಲ, ಅಂಗಡಿ, ಆಸ್ಪತ್ರೆ, ಅಡುಗೆಮನೆ ಎಂದು ದುಡಿಯುವ ಸಾಮಾನ್ಯ ವಿಶ್ವಾಸಿಯ ಬದುಕಿನಲ್ಲಿ, ವರದಾನಕ್ಕೆ ಏನು ಅರ್ಥ ಎಂಬುದನ್ನು ನಾವು ಅಷ್ಟಾಗಿ ಹೇಳಿಕೊಟ್ಟಿಲ್ಲ.

ಈ ಲೇಖನದಲ್ಲಿ ಆ ವಿಚಾರವನ್ನು ಬೀದರ್ ಜಿಲ್ಲೆಯ ಬಸವಕಲ್ಯಾಣ ಮತ್ತು ಹುಮನಾಬಾದ್ ಸೀಮೆಯನ್ನು ಮುಂದಿಟ್ಟುಕೊಂಡು ನೋಡುತ್ತೇವೆ. ಅದಕ್ಕೆ ಕಾರಣವಿದೆ. 2005ರಲ್ಲಿ ಗುಲ್ಬರ್ಗ ಧರ್ಮಪ್ರಾಂತ ಸ್ಥಾಪನೆಯಾದಾಗ ಅದರ ಮೊದಲ ಧರ್ಮಾಧ್ಯಕ್ಷರಾಗಿ ನೇಮಕಗೊಂಡ ಅತಿ ವಂದನೀಯ ರಾಬರ್ಟ್ ಮಿರಾಂದಾ ಅವರು ಮಂಗಳೂರು ಧರ್ಮಪ್ರಾಂತದ ಗುರುಗಳಾಗಿದ್ದರು. ಬೀದರ್ ಜಿಲ್ಲೆ ಆ ಧರ್ಮಪ್ರಾಂತಕ್ಕೆ ಸೇರಿದೆ. ‘ಮಿಷನ್’ ಎಂದರೆ ನಾವು ಕೊಡುವವರು, ಅವರು ಪಡೆಯುವವರು ಎಂಬ ಭಾವನೆ ಕರಾವಳಿಯ ನಮ್ಮಲ್ಲಿ ಹಿಂದಿನಿಂದಲೂ ಇದೆ. ವರದಾನದ ಬಗ್ಗೆ ಧರ್ಮಸಭೆ ಕಲಿಸುವುದನ್ನು ಸರಿಯಾಗಿ ಓದಿದರೆ ಈ ಭಾವನೆ ನಿಲ್ಲುವುದಿಲ್ಲ.

ಪದದಲ್ಲೇ ಇರುವ ತೊಡಕು

ಕನ್ನಡದ ಕಿವಿಗೆ ‘ವರ’ ಎಂದ ಕೂಡಲೇ ತಪಸ್ಸು ನೆನಪಾಗುತ್ತದೆ. ಯಾರೋ ಒಂಟಿಕಾಲಿನಲ್ಲಿ ನಿಂತು ತಪಸ್ಸು ಮಾಡಿದ, ದೇವರು ಮೆಚ್ಚಿ ಪ್ರತ್ಯಕ್ಷನಾದ, ಬೇಡಿದ್ದು ಸಿಕ್ಕಿತು. ನಮ್ಮ ಊರುಗಳಲ್ಲಿ ಭಸ್ಮಾಸುರ ಮೋಹಿನಿ ಯಕ್ಷಗಾನ ನೋಡದವರು ಕಡಿಮೆ. ಭಸ್ಮಾಸುರನಿಗೆ ವರ ಸಿಕ್ಕಿದ್ದು ಅವನ ತಪಸ್ಸಿನ ಕೂಲಿಯಾಗಿ. ಅದನ್ನು ಅವನು ಬಳಸಹೊರಟದ್ದು ತನ್ನ ದೊಡ್ಡಸ್ತಿಕೆಗಾಗಿ. ಕೊನೆಗೆ ಕೈ ಬಿದ್ದದ್ದು ತನ್ನ ತಲೆಯ ಮೇಲೆಯೇ. ಸಂತ ಪೌಲರು ಬಳಸುವ ಗ್ರೀಕ್ ಪದ ‘ಕರಿಸ್ಮ’ ಇದಕ್ಕೆ ತದ್ವಿರುದ್ಧ. ‘ಕರಿಸ್’ ಎಂದರೆ ಕೃಪೆ, ‘ಕರಿಸ್ಮ’ ಎಂದರೆ ಕೃಪೆಯಿಂದ ಸಿಕ್ಕಿದ್ದು. ಅದು ಸಂಪಾದನೆಯಲ್ಲ, ಕೂಲಿಯಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಪದ 17 ಸಲ ಬರುತ್ತದೆ. ಅದರಲ್ಲಿ 16 ಸಲ ಸಂತ ಪೌಲರ ಹೆಸರಿನ ಪತ್ರಗಳಲ್ಲಿ, ಒಂದು ಸಲ ಸಂತ ಪೇತ್ರರ ಮೊದಲ ಪತ್ರದಲ್ಲಿ (1 ಪೇತ್ರ 4:10).

ಇಲ್ಲಿ ಮೂರು ನಾಲ್ಕು ಸಂಗತಿಗಳನ್ನು ಬಿಡಿಸಿಕೊಳ್ಳಬೇಕು. ಧರ್ಮೋಪದೇಶ ತರಗತಿಗಳಲ್ಲಿ ಇವು ಒಂದಕ್ಕೊಂದು ಬೆರೆತುಹೋಗುತ್ತವೆ. ಪ್ರವಾದಿ ಯೆಶಾಯನ 11ನೇ ಅಧ್ಯಾಯವನ್ನು ಆಧರಿಸಿದ ಏಳು ವರದಾನಗಳು ಎಲ್ಲ ವಿಶ್ವಾಸಿಗಳಿಗೂ ಸೇರಿದವು. ನಮ್ಮ ಸ್ವಂತ ಪವಿತ್ರತೆಗೆ ಅವು ಬೇಕು. ಗಲಾತ್ಯದವರಿಗೆ ಬರೆದ ಪತ್ರದ 5ನೇ ಅಧ್ಯಾಯದಲ್ಲಿ ಬರುವ ಪ್ರೀತಿ, ಸಂತೋಷ, ಶಾಂತಿ ಮೊದಲಾದವು ಪವಿತ್ರಾತ್ಮರ ಫಲಗಳು. ಮರ ಬಲಿತ ಮೇಲೆ ಹಣ್ಣು ಬಿಡುವಂತೆ ಅವು ಕಾಲಕ್ರಮದಲ್ಲಿ ಕಾಣುವಂಥವು. ನಾವು ಇಲ್ಲಿ ಮಾತಾಡುತ್ತಿರುವ ವೈಯಕ್ತಿಕ ವರದಾನಗಳು ಇವೆರಡೂ ಅಲ್ಲ. ಅವು ಒಬ್ಬೊಬ್ಬರಿಗೆ ಒಂದೊಂದು ಬಗೆ, ಕೊಟ್ಟಿರುವುದು ಇತರರ ಒಳಿತಿಗಾಗಿ (1 ಕೊರಿಂಥ 12:4-11). ಕಥೊಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥದ 799ರಿಂದ 801ನೇ ಪರಿಚ್ಛೇದಗಳಲ್ಲಿ ಇವುಗಳ ವಿವರಣೆ ಸಿಗುತ್ತದೆ; ಉಪದೇಶಿಗಳು ತೆರೆದು ಓದಬೇಕಾದ ಪುಟಗಳಿವು.

ಹುಟ್ಟಿನಿಂದ ಬಂದ ಜಾಣ್ಮೆ, ಅಂದರೆ ಪ್ರತಿಭೆ, ಇನ್ನೊಂದು ಸಂಗತಿ. ಅದೂ ದೇವರದೇ ಕೊಡುಗೆ. ಆದರೆ ಕಂಠ ಚೆನ್ನಾಗಿರುವುದು ಪ್ರತಿಭೆ. ಆ ಹಾಡಿನಿಂದ ಜನ ಪ್ರಾರ್ಥನೆಗೆ ತಿರುಗಿದರೆ ಅದು ವರದಾನವಾಗಿ ಕೆಲಸ ಮಾಡಿತು ಎನ್ನಬಹುದು. ಇಂಗ್ಲಿಷಿನ ‘ಟ್ಯಾಲೆಂಟ್’ ಎಂಬ ಪದ ಈಗಿನ ಅರ್ಥ ಪಡೆದದ್ದು ಸಂತ ಮತ್ತಾಯರ ಶುಭಸಂದೇಶದ 25ನೇ ಅಧ್ಯಾಯದ ಸಾಮತಿಯಿಂದಲೇ. ಅಲ್ಲಿ ‘ತಲೆಂತು’ ಎಂದರೆ ಬೆಳ್ಳಿಯ ಒಂದು ತೂಕ, ಸುಮಾರು 6000 ದಿನಾರಿ. ಒಂದು ದಿನಾರಿ ಕೂಲಿಯವನ ಒಂದು ದಿನದ ಸಂಬಳ ಎಂದು ಲೆಕ್ಕ ಹಾಕಿದರೆ ಒಂದು ತಲೆಂತು ಸುಮಾರು 20 ವರ್ಷಗಳ ದುಡಿಮೆ. ಒಂದೇ ತಲೆಂತು ಪಡೆದವನನ್ನು ‘ಪಾಪ, ಅವನಿಗೆ ಸಿಕ್ಕಿದ್ದು ಸ್ವಲ್ಪ’ ಎಂದು ಪ್ರಸಂಗಗಳಲ್ಲಿ ಹೇಳುವುದುಂಟು. ಸ್ವಲ್ಪವೇನೂ ಅಲ್ಲ. ಅವನು ಹೂತಿಟ್ಟದ್ದು ಅರ್ಧ ಜೀವಮಾನದ ಕೂಲಿಯನ್ನು.

ಕಲ್ಯಾಣದ ನೆಲ

ಬಸವಕಲ್ಯಾಣ ಒಂದು ಕಾಲಕ್ಕೆ ಕಲ್ಯಾಣದ ಚಾಲುಕ್ಯರ ರಾಜಧಾನಿ. ವಿಜ್ಞಾನೇಶ್ವರನ ‘ಮಿತಾಕ್ಷರ’, ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ ಆ ಆಸ್ಥಾನದ ಕಾಲದವು. ಆದರೆ ಇಂದು ಜನ ಆ ಊರನ್ನು ನೆನೆಯುವುದು ಪಂಡಿತರಿಂದಲೂ ಅಲ್ಲ, ಅರಸರಿಂದಲೂ ಅಲ್ಲ. 12ನೇ ಶತಮಾನದಲ್ಲಿ, ಕಳಚುರಿ ಬಿಜ್ಜಳನ ಆಳ್ವಿಕೆಯಲ್ಲಿ, ಬಸವಣ್ಣನವರ ಸುತ್ತ ಸೇರಿದ ಶರಣರಿಂದ. ಅವರ ಹೆಸರುಗಳನ್ನೇ ನೋಡಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಮೇದಾರ ಕೇತಯ್ಯ, ಸಮಗಾರ ಹರಳಯ್ಯ, ನೂಲು ತೆಗೆಯುವ ಕದಿರ ರೆಮ್ಮವ್ವೆ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ಬುಟ್ಟಿ ಹೆಣೆಯುವುದು, ಚರ್ಮ ಹೊಲಿಯುವುದು. ಕಸುಬನ್ನು ಹೆಸರಿನ ಮುಂದಿಟ್ಟುಕೊಂಡು ಅವರು ಅನುಭವ ಮಂಟಪದಲ್ಲಿ ಕುಳಿತು ಮಾತಾಡಿದರು, ವಚನ ರಚಿಸಿದರು.

ಶರಣರು ಈ ದುಡಿಮೆಯನ್ನು ‘ಕಾಯಕ’ ಎಂದರು, ಅದರ ಫಲವನ್ನು ಸಮುದಾಯಕ್ಕೆ ಅರ್ಪಿಸುವುದನ್ನು ‘ದಾಸೋಹ’ ಎಂದರು. ಆಯ್ದಕ್ಕಿ ಲಕ್ಕಮ್ಮನ ಕಥೆ ಕನ್ನಡ ನಾಡಿನಲ್ಲಿ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ವಾಡಿಕೆಗಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಾದುದನ್ನು ಮರಳಿ ಸುರಿದು ಬಾ ಎಂದು ಆಕೆ ಕಳಿಸಿದಳಂತೆ. ನಮ್ಮ ಬೈಬಲ್ ಓದಿದವರಿಗೆ ಇಲ್ಲಿ ಮನ್ನದ ಪ್ರಸಂಗ (ವಿಮೋಚನಾಕಾಂಡ 16) ನೆನಪಾಗದೆ ಇರದು.

ಕಾಯಕವೂ ಕ್ರೈಸ್ತ ವರದಾನವೂ ಒಂದೇ ಎಂದು ನಾವು ಹೇಳುತ್ತಿಲ್ಲ. ಹಾಗೆ ಹೇಳಿದರೆ ಎರಡಕ್ಕೂ ಅನ್ಯಾಯ. ಶರಣರ ನಿಷ್ಠೆ ಇಷ್ಟಲಿಂಗಕ್ಕೆ ಸಂಬಂಧಿಸಿದ್ದು. ಅದರ ಹಿಂದೆ ಅದರದೇ ಆದ ದರ್ಶನವಿದೆ, ಅದನ್ನು ನಮ್ಮದಾಗಿಸಿಕೊಳ್ಳುವ ಹಕ್ಕು ನಮಗಿಲ್ಲ. ವರದಾನ ಜ್ಞಾನಸ್ನಾನದಿಂದ ಕ್ರಿಸ್ತರ ಶರೀರಕ್ಕೆ ಸೇರಿದವರಿಗೆ ಪವಿತ್ರಾತ್ಮರು ಕೊಡುವಂಥದ್ದು. ಅದು ಒಬ್ಬನ ಕಸುಬೇ ಆಗಿರಬೇಕೆಂದೂ ಇಲ್ಲ. ಆದರೂ ಒಂದು ಮಾತು ಸಾಮಾನ್ಯ: ಕೈಯಲ್ಲಿ ಇರುವುದು ಕೈಯವನ ಪ್ರತಿಷ್ಠೆಗಲ್ಲ. ಈ ಮಾತನ್ನು ಬಸವಕಲ್ಯಾಣದ ಕ್ರೈಸ್ತನಿಗೆ ಹೊಸದಾಗಿ ವಿವರಿಸಬೇಕಾಗಿಲ್ಲ. ಬಸವ ಜಯಂತಿಯ ಭಾಷಣಗಳಲ್ಲಿ ಬಾಲ್ಯದಿಂದ ಕೇಳಿದ್ದಾನೆ. ನಮ್ಮ ಕರಾವಳಿಯವರಿಗೆ ವಿವರಿಸಬೇಕು.

ಬೆಚಲೇಲ, ತಬಿಥಾ, ಚುಕ್ಕಾಣಿ ಹಿಡಿದವರು

ದೇವರ ಆತ್ಮದಿಂದ ತುಂಬಿದವನು ಎಂದು ಪವಿತ್ರ ಬೈಬಲಿನಲ್ಲಿ ಮೊತ್ತಮೊದಲು ಸ್ಪಷ್ಟವಾಗಿ ಹೇಳಿರುವುದು ಪ್ರವಾದಿಯ ಬಗ್ಗೆಯೂ ಅಲ್ಲ, ಯಾಜಕನ ಬಗ್ಗೆಯೂ ಅಲ್ಲ. ಒಬ್ಬ ಕುಶಲಕರ್ಮಿಯ ಬಗ್ಗೆ. ಯೂದ ಕುಲದ ಬೆಚಲೇಲ ಚಿನ್ನ, ಬೆಳ್ಳಿ, ತಾಮ್ರ, ಕಲ್ಲು, ಮರದ ಕೆಲಸ ಬಲ್ಲವನು (ವಿಮೋಚನಾಕಾಂಡ 31:1-5). ಬೀದರಿನ ಬಿದರಿ ಕೆಲಸಗಾರರು ಕರಿಬಣ್ಣದ ಲೋಹದಲ್ಲಿ ಬೆಳ್ಳಿ ಎಳೆ ಕೂರಿಸುವುದನ್ನು ನೋಡಿದವರಿಗೆ ಈ ವಾಕ್ಯ ಬೇಗ ಅರ್ಥವಾಗುತ್ತದೆ. ಅದೇ ಗ್ರಂಥದ 35ನೇ ಅಧ್ಯಾಯದಲ್ಲಿ ನೂಲು ತೆಗೆದು ಅರ್ಪಿಸಿದ ಹೆಂಗಸರಿದ್ದಾರೆ. ಇತರರಿಗೆ ಕೆಲಸ ಕಲಿಸುವ ಮನಸ್ಸನ್ನೂ ದೇವರೇ ಬೆಚಲೇಲನಿಗೆ ಕೊಟ್ಟರು ಎಂದು ಅಲ್ಲೇ ಇದೆ. ಗುಟ್ಟನ್ನು ಮನೆಯೊಳಗೇ ಇಟ್ಟುಕೊಳ್ಳುವ ಕಸುಬುದಾರರು ಇದನ್ನು ಗಮನಿಸಬೇಕು.

ಯೊಪ್ಪದ ತಬಿಥಾ ಸತ್ತಾಗ ವಿಧವೆಯರು ಸಂತ ಪೇತ್ರರಿಗೆ ತೋರಿಸಿದ್ದು ಆಕೆ ಹೊಲಿದುಕೊಟ್ಟ ಬಟ್ಟೆಗಳನ್ನು (ಪ್ರೇಷಿತರ ಕಾರ್ಯಕಲಾಪಗಳು 9:39). ಆಕೆ ಮಾಡಿದ ಒಂದು ಉಪದೇಶವೂ ದಾಖಲಾಗಿಲ್ಲ.

ಸಂತ ಪೌಲರು 1 ಕೊರಿಂಥ 12:28ರಲ್ಲಿ ಕೊಡುವ ಪಟ್ಟಿಯಲ್ಲಿ ಅದ್ಭುತ ಮಾಡುವವರ ಜೊತೆಗೇ ನೆರವು ನೀಡುವವರೂ ಆಡಳಿತ ನಡೆಸುವವರೂ ಇದ್ದಾರೆ. ಆಡಳಿತಕ್ಕೆ ಅವರು ಬಳಸಿದ ‘ಕುಬೆರ್ನೆಸಿಸ್’ ಎಂಬ ಗ್ರೀಕ್ ಪದದ ಮೂಲಾರ್ಥ ಹಡಗಿನ ಚುಕ್ಕಾಣಿ ಹಿಡಿಯುವುದು. ಕೊರಿಂಥ ಬಂದರು ಪಟ್ಟಣ; ಕೇಳಿದವರಿಗೆ ಮಾತು ತಟ್ಟಿರಬೇಕು. ಮಲ್ಪೆ, ಗಂಗೊಳ್ಳಿಯ ದೋಣಿಗಳಲ್ಲಿ ತಾಂಡೇಲ ಮಾಡುವ ಕೆಲಸ ಅದು. ಪಾಲನಾ ಮಂಡಳಿಯ ಉಪಾಧ್ಯಕ್ಷರೂ ಲೆಕ್ಕ ಬರೆಯುವ ಕಾರ್ಯದರ್ಶಿಯೂ ತಮ್ಮದು ಬರೀ ಕಚೇರಿ ಕೆಲಸ ಎಂದು ಭಾವಿಸಬೇಕಾಗಿಲ್ಲ.

ಮಹಾಸಭೆಯಲ್ಲಿ ನಡೆದ ಚರ್ಚೆ

ಇದೆಲ್ಲ ಆದಿ ಧರ್ಮಸಭೆಯ ಕಾಲಕ್ಕೆ ಮುಗಿದ ಸಂಗತಿ ಎಂಬ ಅಭಿಪ್ರಾಯ ಬಹಳ ಕಾಲ ಇತ್ತು. 1963ರ ಅಕ್ಟೋಬರಿನಲ್ಲಿ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ಪಲೆರ್ಮೊದ ಕಾರ್ಡಿನಲ್ ರುಫೀನಿ ಇದೇ ವಾದ ಮಂಡಿಸಿದರು. ಬೆಲ್ಜಿಯಂನ ಕಾರ್ಡಿನಲ್ ಸ್ಯೂನೆನ್ಸ್ ಉತ್ತರ ಕೊಟ್ಟರು: ಓದಿದವನಿರಲಿ ಓದದವನಿರಲಿ, ಪ್ರತಿಯೊಬ್ಬ ಕ್ರೈಸ್ತನ ದಿನನಿತ್ಯದ ಬದುಕಿನಲ್ಲಿ ವರದಾನಗಳಿವೆ, ಅವಿಲ್ಲದೆ ಧರ್ಮಸಭೆ ಬರೀ ಆಡಳಿತ ಯಂತ್ರವಾಗುತ್ತದೆ ಎಂಬುದು ಅವರ ವಾದದ ತಿರುಳು. ಮಹಾಸಭೆಗೆ ಮಹಿಳೆಯರನ್ನೂ ವೀಕ್ಷಕರಾಗಿ ಕರೆಯಬೇಕೆಂದು ಅವರು ಕೇಳಿದ್ದು ಅದೇ ಭಾಷಣದಲ್ಲಿ. 1964ರ ನವೆಂಬರ್ 21ರಂದು ಹೊರಬಂದ ಧರ್ಮಸಭೆಯ ಕುರಿತ ಸಂವಿಧಾನದ 12ನೇ ವಿಭಾಗದಲ್ಲಿ ಸ್ಯೂನೆನ್ಸರ ನಿಲುವು ಉಳಿಯಿತು. ಮರುವರ್ಷದ ಶ್ರೀಸಾಮಾನ್ಯರ ಪ್ರೇಷಿತ ಸೇವೆಯ ಆದೇಶಪತ್ರ ಇನ್ನೂ ಮುಂದೆ ಹೋಗಿ, ವರದಾನವನ್ನು ಬಳಸುವುದು ವಿಶ್ವಾಸಿಯ ಹಕ್ಕೂ ಹೌದು, ಕರ್ತವ್ಯವೂ ಹೌದು ಎಂದಿತು.

1964ರ ಅದೇ ದಿನ ಕ್ರೈಸ್ತ ಐಕ್ಯದ ಆದೇಶಪತ್ರವೂ ಪ್ರಕಟವಾಯಿತು. ನಮ್ಮಿಂದ ಬೇರ್ಪಟ್ಟ ಸಹೋದರರಲ್ಲಿ ಪವಿತ್ರಾತ್ಮರು ಮಾಡುವ ಕೆಲಸವನ್ನು ನಾವು ಮೆಚ್ಚಿ ಒಪ್ಪಬೇಕು ಎಂಬುದು ಅದರ ಬೋಧನೆ. ಬೀದರ್ ಜಿಲ್ಲೆಗೆ ಇದು ಪುಸ್ತಕದ ಮಾತಲ್ಲ. ಅಲ್ಲಿನ ಕ್ರೈಸ್ತರಲ್ಲಿ ಮೆಥೊಡಿಸ್ಟ್ ಸಭೆಯವರೇ ಹೆಚ್ಚು. ಹಳ್ಳಿಹಳ್ಳಿಗಳಲ್ಲಿ ಪ್ರಾರ್ಥನೆ ಮತ್ತು ಬೈಬಲ್ ಓದನ್ನು ಹರಡಿದ್ದರಲ್ಲಿ ಅವರ ಪಾಲು ದೊಡ್ಡದು. ನಾವು ತಡವಾಗಿ ಹೋದವರು.

ಹೇರಿದ್ದು ವರದಾನವಲ್ಲ

ಇಲ್ಲಿ ಒಂದು ಸೂಕ್ಷ್ಮವಿದೆ. ಬೀದರ್ ಸೀಮೆಯ ಕ್ರೈಸ್ತರಲ್ಲಿ ಬಹುಪಾಲು ಕುಟುಂಬಗಳು ದಲಿತ ಮೂಲದವು. ಇವರ ಹಿರಿಯರಿಗೆ ಚರ್ಮದ ಕೆಲಸ, ಹಲಗೆ ಬಾರಿಸುವುದು, ಊರ ಚಾಕರಿ ಎಂದು ಕೆಲಸಗಳನ್ನು ಜಾತಿ ಹೊರಿಸಿತ್ತು. ಹೊರಗಿನಿಂದ ಹೋದ ನಮ್ಮಂಥವರು ಉತ್ಸಾಹದಿಂದ, ‘ನಿಮ್ಮ ವರದಾನ ಹಲಗೆ, ಬಲಿಪೂಜೆಯಲ್ಲಿ ಬಾರಿಸಿ’ ಎಂದುಬಿಡುವುದು ಸುಲಭ. ಸ್ಥಳೀಯ ಸಂಸ್ಕೃತಿಗೆ ಗೌರವ ಕೊಟ್ಟೆವೆಂಬ ತೃಪ್ತಿ ನಮಗೆ. ಆದರೆ ಆ ಹಲಗೆಯನ್ನು ಕೆಳಗಿಡಲೆಂದೇ ಅಜ್ಜ ಜ್ಞಾನಸ್ನಾನ ಪಡೆದಿರಬಹುದು. ಇನ್ನೊಂದು ಮನೆಯಲ್ಲಿ ಅದೇ ಹಲಗೆಯನ್ನು ಹುಡುಗರು ಹೆಮ್ಮೆಯಿಂದ ಕೈಗೆತ್ತಿಕೊಳ್ಳಬಹುದು. ತೀರ್ಮಾನ ಅವರದ್ದು. ಹುಟ್ಟಿನ ಕಾರಣಕ್ಕೆ ಹೇರಿದ ಕೆಲಸಕ್ಕೂ ಸ್ವತಂತ್ರವಾಗಿ ಒಪ್ಪಿಕೊಂಡ ಸೇವೆಗೂ ಇರುವ ಅಂತರವನ್ನು ಶರಣರು ಕಂಡಿದ್ದರು. ಹರಳಯ್ಯ ಮತ್ತು ಮಧುವರಸರ ಮಕ್ಕಳ ಮದುವೆಯ ಬಳಿಕ ಕಲ್ಯಾಣದಲ್ಲಿ ಹರಿದ ರಕ್ತ ಆ ಅಂತರಕ್ಕೆ ತೆತ್ತ ಬೆಲೆ.

ಸರಕಾರದ ಕಾಗದದಲ್ಲೂ ಈ ಗಾಯ ಉಳಿದಿದೆ. 1950ರ ಪರಿಶಿಷ್ಟ ಜಾತಿಗಳ ಆದೇಶದ ಮೂರನೇ ಪರಿಚ್ಛೇದ ಆ ಸ್ಥಾನಮಾನವನ್ನು ಹಿಂದೂಗಳಿಗೆ ಮಾತ್ರ ಸೀಮಿತಗೊಳಿಸಿತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಲಾಯಿತು. ದಲಿತ ಕ್ರೈಸ್ತರು ಹೊರಗೇ ಉಳಿದರು. ತನ್ನ ವಿಶ್ವಾಸವನ್ನು ಬಹಿರಂಗವಾಗಿ ಹೇಳಿಕೊಂಡರೆ ಮಗಳ ವಿದ್ಯಾರ್ಥಿವೇತನ ಹೋಗುತ್ತದೆ ಎಂಬ ಭಯದಲ್ಲಿರುವ ತಂದೆಗೆ ‘ನಿನ್ನ ವರದಾನ ಗುರುತಿಸಿಕೊ, ಮುಂದೆ ಬಾ’ ಎಂದು ಹೇಳುವಾಗ ಹೇಳುವವರಿಗೆ ಈ ವಿಷಯ ಗೊತ್ತಿರಬೇಕು. ದುರ್ಬಲವೆಂದು ಕಾಣುವ ಅಂಗಗಳೇ ಶರೀರಕ್ಕೆ ಹೆಚ್ಚು ಅಗತ್ಯ ಎಂಬ ಪೌಲರ ಮಾತು (1 ಕೊರಿಂಥ 12:22) ಇಂಥ ಕಡೆ ಓದಿದಾಗ ಬೇರೆಯೇ ತೂಕ ಪಡೆಯುತ್ತದೆ.

ದಿನಚರಿಯೊಳಗೆ

‘ನಮ್ಮ ಬಲ್ಲಿ ಏನದರೀ ಫಾದರ್, ಓದಿಲ್ಲ ಬರದಿಲ್ಲ’ ಎಂಬುದು ಆ ಸೀಮೆಯ ಹಳ್ಳಿಗಳ ಹಿರಿಯರ ಬಾಯಿಯ ಮಾತು. ನೋಡಿದರೆ ಏನೇನೋ ಇದೆ. ಹುಮನಾಬಾದ್ ಹೈದರಾಬಾದ್–ಸೊಲ್ಲಾಪುರ ಹೆದ್ದಾರಿಯ ಮೇಲಿನ ಊರು. 2017ರಲ್ಲಿ ಬೀದರ್–ಕಲಬುರಗಿ ರೈಲು ಮಾರ್ಗವೂ ಪೂರ್ತಿಯಾಯಿತು. ಬಜಾರಿನಲ್ಲಿ ಒಂದು ತಾಸು ನಿಂತರೆ ಕನ್ನಡ, ಮರಾಠಿ, ದಖನಿ ಉರ್ದು, ತೆಲುಗು ನಾಲ್ಕೂ ಕಿವಿಗೆ ಬೀಳುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಹೆಂಗಸೂ ಮೂರು ಭಾಷೆಯಲ್ಲಿ ವ್ಯವಹಾರ ಮಾಡುತ್ತಾಳೆ. ದವಾಖಾನೆಯಲ್ಲಿ ದಿಕ್ಕು ತೋಚದೆ ನಿಂತವರಿಗೆ ಡಾಕ್ಟರರ ಮಾತನ್ನು ಅವರ ಭಾಷೆಯಲ್ಲಿ ಹೇಳಿಕೊಡುವವಳಿಗೆ ಇರುವುದು ವರದಾನವಲ್ಲದೆ ಇನ್ನೇನು? ನಮ್ಮ ಧ್ಯಾನಕೂಟಗಳಲ್ಲಿ ಭಾಷಾವರಕ್ಕೆ ಕೊಡುವ ಗಮನದಲ್ಲಿ ಸ್ವಲ್ಪ ಇವಳ ಕಡೆಗೂ ಹೋಗಲಿ. ಅರ್ಥ ಬಿಡಿಸಿ ಹೇಳುವುದೂ ಪೌಲರ ಪಟ್ಟಿಯಲ್ಲಿದೆ.

ದುಡಿಯಲು ಹೈದರಾಬಾದಿಗೋ ಮುಂಬಯಿಗೋ ಹೋದವರ ಮಕ್ಕಳನ್ನು ತನ್ನ ಮಕ್ಕಳ ಜೊತೆಗೆ ಉಣ್ಣಿಸುವ ಅತ್ತಿಗೆ, ಸ್ವಸಹಾಯ ಸಂಘದ ಲೆಕ್ಕವನ್ನು ಒಂದು ರೂಪಾಯಿ ತಪ್ಪದೆ ಇಡುವ ಅಕ್ಕ, ಹೊಲದ ಬದುವಿನ ಜಗಳದಲ್ಲಿ ಎರಡೂ ಕಡೆಯವರು ನಂಬುವ ಕಾಕಾ, ಸಾವಿನ ಮನೆಯಲ್ಲಿ ಮಾತಾಡದೆ ರಾತ್ರಿಯಿಡೀ ಕೂರಬಲ್ಲವರು. ರೋಮದವರಿಗೆ ಬರೆದ ಪತ್ರದ 12:6-8ರಲ್ಲಿ ಕರುಣೆ ತೋರಿಸುವುದು, ಕೊಡುವುದು, ಧೈರ್ಯ ಹೇಳುವುದು ಎಂದು ಬರುವುದು ಇದೇ.

ಹಳ್ಳಿಯ ಉಪದೇಶಿಗಳ ವಿಚಾರವನ್ನು ಬೇರೆಯಾಗಿಯೇ ಹೇಳಬೇಕು. ಗುರುಗಳು ಬಾರದ ಭಾನುವಾರ ಜನರನ್ನು ಒಟ್ಟುಗೂಡಿಸುವುದು, ರೋಗಿಯ ಸುದ್ದಿ ಮುಟ್ಟಿಸುವುದು, ಮಕ್ಕಳಿಗೆ ಪ್ರಾರ್ಥನೆ ಕಲಿಸುವುದು ಅವರೇ. ಜಗದ್ಗುರು ಫ್ರಾನ್ಸಿಸರು 2021ರ ಮೇ 10ರಂದು ಉಪದೇಶಿ ಸೇವೆಯನ್ನು ಧರ್ಮಸಭೆಯ ಅಧಿಕೃತ ಸೇವೆಯಾಗಿ ಸ್ಥಾಪಿಸಿದರು. ಅದೇ ವರ್ಷದ ಜನವರಿಯಲ್ಲಿ ವಾಚಕ ಮತ್ತು ಪೀಠಸೇವಕ ಸೇವೆಗಳನ್ನು ಮಹಿಳೆಯರಿಗೂ ತೆರೆದಿದ್ದರು. ಕರಾವಳಿಯ ನಮಗೂ ಇದು ಹೊಸ ಪಾಠವಲ್ಲ: 1784ರಿಂದ 1799ರವರೆಗಿನ ಶ್ರೀರಂಗಪಟ್ಟಣದ ಸೆರೆಯ ವರ್ಷಗಳಲ್ಲಿ ವಿಶ್ವಾಸವನ್ನು ಕಾಪಾಡಿದ್ದರಲ್ಲಿ ಸಾಮಾನ್ಯ ಜನರ ಪಾಲು ಎಷ್ಟು ದೊಡ್ಡದೆಂದು ನಮ್ಮ ಹಿರಿಯರು ಹೇಳುತ್ತಲೇ ಬಂದಿದ್ದಾರೆ.

ಪರೀಕ್ಷಿಸುವುದು

ವರದಾನ ಇದೆ ಎಂದು ಹೇಳಿಕೊಂಡವರನ್ನೆಲ್ಲ ನಂಬಬೇಕೇ? ಬೇಡ. ಪವಿತ್ರಾತ್ಮರನ್ನು ನಂದಿಸಬಾರದು, ಎಲ್ಲವನ್ನೂ ಪರೀಕ್ಷಿಸಿ ಒಳ್ಳೆಯದನ್ನು ಹಿಡಿದುಕೊಳ್ಳಬೇಕು ಎಂಬುದು ಸಂತ ಪೌಲರು ತೆಸಲೋನಿಕದವರಿಗೆ ಬರೆದದ್ದರ ಸಾರ (1 ತೆಸಲೋನಿಕ 5:19-21). ಪರೀಕ್ಷಿಸುವ ಹೊಣೆ ಧರ್ಮಸಭೆಯ ಪಾಲಕರದು. ಆದರೆ ಜನರಿಗೂ ಕೆಲವು ಗುರುತುಗಳು ಸಿಗುತ್ತವೆ. ಅದರಿಂದ ಲಾಭ ಯಾರಿಗೆ, ಪಡೆದವನಿಗೋ ಪಕ್ಕದವನಿಗೋ? ಅವನೊಬ್ಬನೇ ಹೇಳುತ್ತಿದ್ದಾನೆಯೋ, ನೆರೆಯವರೂ ಹೇಳುತ್ತಾರೆಯೋ? ಇನ್ನೊಬ್ಬರಲ್ಲಿ ಅದೇ ವರದಾನ ಕಂಡರೆ ಖುಷಿಯೋ ಹೊಟ್ಟೆಕಿಚ್ಚೋ? ಹಣದ ಮಾತು ಬಂದ ಕೂಡಲೇ ಎಚ್ಚರ ಬೇಕು. ರೋಗ ಗುಣವಾಗುತ್ತದೆಂದು ಔಷಧ ನಿಲ್ಲಿಸಲು ಹೇಳುವವರಲ್ಲಿ ವರದಾನ ಹುಡುಕುವುದು ಬೇಡ; ಸಕ್ಕರೆ ಕಾಯಿಲೆ, ಕ್ಷಯದ ಮಾತ್ರೆಗಳನ್ನು ನಿಲ್ಲಿಸಿದರೆ ಆಗುವ ಹಾನಿ ಎಲ್ಲರಿಗೂ ಗೊತ್ತಿದೆ.

ಇದಕ್ಕೆ ಉಲ್ಟಾ ತಪ್ಪೂ ಉಂಟು, ಅದೇ ನಮ್ಮಲ್ಲಿ ಹೆಚ್ಚು. ಇಂಗ್ಲಿಷ್ ಬಲ್ಲವರಿಗೆ ವಾಚನ, ದಾನ ಕೊಟ್ಟವರಿಗೆ ಬೆಂಚಿನ ಮೇಲೆ ಹೆಸರು, ಹಾಡುವವರಿಗೆ ಮೈಕು. ಉಳಿದವರು ಕುರ್ಚಿ ಜೋಡಿಸುತ್ತಾರೆ. ಹತ್ತು ವರ್ಷ ಕುರ್ಚಿ ಜೋಡಿಸಿದವರನ್ನು ನಿಮಗೆ ಇನ್ನೇನು ಬರುತ್ತದೆ ಎಂದು ಯಾರೂ ಕೇಳಿರುವುದಿಲ್ಲ.

ವಾಳೆಗಳಲ್ಲಿ ಮಾಡಬಹುದಾದದ್ದು

ಗುರಿಕಾರರಿಗೂ ಕಿರು ಕ್ರೈಸ್ತ ಸಮುದಾಯಗಳ ಸಂಚಾಲಕರಿಗೂ ಒಂದು ಸಲಹೆ. ಪೆಂತೆಕೋಸ್ತ್ ಹಬ್ಬಕ್ಕೆ ಮುಂಚಿನ ವಾಳೆ ಸಭೆಯಲ್ಲಿ ‘ನಿಮ್ಮ ವರದಾನ ಯಾವುದು’ ಎಂದು ಕೇಳಬೇಡಿ. ವಿನಯವಂತರು ಸುಮ್ಮನಿರುತ್ತಾರೆ, ಉಳಿದವರು ಮಾತಾಡುತ್ತಾರೆ. ಪಕ್ಕದ ಮನೆಯವರಲ್ಲಿ ನೀವು ಕಂಡದ್ದೇನು, ಕಷ್ಟದಲ್ಲಿ ನಿಮಗೆ ಯಾರ ನೆನಪಾಗುತ್ತದೆ, ಯಾಕೆ ಎಂದು ಕೇಳಿ. ಬಂದ ಉತ್ತರವನ್ನು ಆ ವ್ಯಕ್ತಿಗೆ ಹೇಳಿ, ಒಪ್ಪಿಗೆ ಇದ್ದರೆ ಮಾತ್ರ ಬರೆದುಕೊಳ್ಳಿ. ವಯಸ್ಸಾದವರನ್ನು, ಹಾಸಿಗೆ ಹಿಡಿದವರನ್ನು ಪಟ್ಟಿಯಿಂದ ಬಿಡಬೇಡಿ. ಪ್ರಾರ್ಥನೆಗೆ ಅವರಿಗಿರುವಷ್ಟು ಸಮಯ ಬೇರೆ ಯಾರಿಗೂ ಇಲ್ಲ. ಒಬ್ಬರಿಗೆ ಮೂರು ಹೊಣೆ ಹೊರಿಸಿ ಮೂವರನ್ನು ಖಾಲಿ ಕೂರಿಸುವ ನಮ್ಮ ಹಳೆಯ ಅಭ್ಯಾಸವನ್ನೂ ಆಗ ಸರಿಪಡಿಸಬಹುದು.

ಉತ್ತರ ಕರ್ನಾಟಕದ ಧರ್ಮಕೇಂದ್ರಗಳಿಗೆ ಭೇಟಿ ಹೋಗುವ ಯುವಜನ ತಂಡಗಳಿಗೂ ಒಂದು ಮಾತು. ಹಂಚಲು ಬಟ್ಟೆ, ಪುಸ್ತಕ ಒಯ್ಯುತ್ತೀರಿ, ಒಳ್ಳೆಯದೇ. ಹಿಂದಿರುಗುವಾಗ ಜೋಳದ ರೊಟ್ಟಿ ತಟ್ಟುವುದನ್ನಾದರೂ ಅಲ್ಲಿನ ಅವ್ವಂದಿರಿಂದ ಕಲಿತು ಬನ್ನಿ. ಮೊದಲ ದಿನ ರೊಟ್ಟಿ ಹರಿಯುತ್ತದೆ, ಅವರು ನಗುತ್ತಾರೆ. ಎರಡನೆಯ ದಿನದಿಂದ ಅವರು ಕಲಿಸುವವರು, ನೀವು ಕಲಿಯುವವರು.